ಪ್ರೊಬೇಷನ್‌ನಲ್ಲೇ ‘ಸೇವೆಯಿಂದ ಬಿಡುಗಡೆ’: ಆದೇಶದ ಉಲ್ಲೇಖ ಓದಿದಿರಾ?

ಪ್ರಶ್ನೆ: ನಾನು ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನವನು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಅನುಚ್ಛೇದದಡಿ ಇರುವ ಮೀಸಲಾತಿಯಲ್ಲಿ ಗ್ರಾಮ ಆಡಳಿತಾಧಿಕಾರಿಯಾಗಿ ಆಯ್ಕೆಯಾಗಿ ಕಲ್ಯಾಣ ಕರ್ನಾಟಕದ ಇನ್ನೊಂದು ಜಿಲ್ಲೆಯಲ್ಲಿ 17 ತಿಂಗಳು ಕೆಲಸ ಮಾಡಿದೆ. ಬೆಳೆಹಾನಿ ಪಟ್ಟಿಗೆ ಹೆಸರು ಸೇರಿಸಲು ದುಡ್ಡು ಕೇಳಿದೆ ಎಂದು ಮೂವರು ರೈತರು ದೂರು ಕೊಟ್ಟರಂತೆ. ತಹಶೀಲ್ದಾರರು ನಾನಿಲ್ಲದಾಗ ಅವರ ಹೇಳಿಕೆ ಪಡೆದು ಮೇಲಕ್ಕೆ ವರದಿ ಕಳಿಸಿದ್ದಾರೆ. ನನಗೆ ಒಂದು ನೋಟಿಸ್ ಬಂತು, ಉತ್ತರ ಕೊಟ್ಟೆ. ಆಮೇಲೆ ‘ಖಾಯಂಪೂರ್ವ ಸೇವಾವಧಿಯಲ್ಲಿ ಸೇವೆ ತೃಪ್ತಿಕರವಾಗಿಲ್ಲದ ಕಾರಣ ಸೇವೆಯಿಂದ ಬಿಡುಗಡೆಗೊಳಿಸಿದೆ’ ಎಂಬ ಆದೇಶ ಬಂತು. ಕಂಪ್ಯೂಟರ್ ಪರೀಕ್ಷೆ ಇನ್ನೂ ಪಾಸಾಗಿಲ್ಲ. ನಾಲ್ಕು ತಿಂಗಳಿಂದ ಮನವಿ ಹಿಡಿದು ಓಡಾಡುತ್ತಿದ್ದೇನೆ. ಪ್ರೊಬೇಷನ್ ನೌಕರನಿಗೆ ಯಾವ ಹಕ್ಕೂ ಇಲ್ಲ ಅನ್ನುತ್ತಾರೆ, ನಿಜವೇ? ಆದೇಶ ವಾಪಸ್ ಪಡೆಸಿ ರಾಜೀನಾಮೆ ಬರೆದುಕೊಡಿ ಎಂದೂ ಕೆಲವರು ಹೇಳುತ್ತಿದ್ದಾರೆ.

ಉತ್ತರ: ಮೊದಲು ತಾರೀಕು ನೋಡೋಣ, ಹಕ್ಕಿನ ಮಾತು ಆಮೇಲೆ. ರಾಜ್ಯ ಸರ್ಕಾರಿ ನೌಕರರ ಸೇವಾ ತಕರಾರು ಮೊದಲು ಹೋಗಬೇಕಾದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 21ನೇ ಕಲಂ ಕೊಡುವ ಗಡುವು ಒಂದು ವರ್ಷ. ಕಾಯ್ದೆ ಹೇಳುವುದು ಅಂತಿಮ ಆದೇಶ ಆದ ದಿನದಿಂದ ಒಂದು ವರ್ಷ ಎಂದು. ಆದ್ದರಿಂದ ಪ್ರತಿ ನಿಮ್ಮ ಕೈಗೆ ಬಂದ ತಾರೀಕನ್ನು ಬದಿಗಿಟ್ಟು, ಆದೇಶದ ಮೇಲ್ಭಾಗದಲ್ಲಿ ಸಂಖ್ಯೆಯ ಪಕ್ಕ ಬರೆದಿರುವ ತಾರೀಕಿನಿಂದಲೇ ಲೆಕ್ಕ ಹಾಕಿ. ನಾಲ್ಕು ತಿಂಗಳು ಹೋಗಿದೆ, ಎಂಟು ಉಳಿದಿದೆ.

ಈ ಎಂಟು ತಿಂಗಳನ್ನು ಮನವಿ ಕೊಡುವುದರಲ್ಲಿ ಕಳೆಯಬೇಡಿ. ಮನವಿಯ ಮೇಲೆ ಮನವಿ ಕೊಟ್ಟರೆ ಗಡುವು ಹಿಂದಕ್ಕೆ ಸರಿಯುತ್ತದೆ ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಎಸ್.ಎಸ್. ರಾಥೋರ್ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿದೆ: ನಿಯಮದಲ್ಲಿ ಅವಕಾಶವಿರುವ ಮೇಲ್ಮನವಿಗೆ ಮಾತ್ರ ಬೆಲೆ, ನಾವಾಗಿಯೇ ಬರೆದು ಕೊಡುವ ಮನವಿಗಳು ಎಷ್ಟಿದ್ದರೂ ಗಡುವು ಬೆಳೆಯುವುದಿಲ್ಲ. ‘ಸಾಹೇಬರು ನೋಡ್ತೀನಿ ಅಂದಾರ, ಸ್ವಲ್ಪ ತಾಳ್ರಿ’ ಎಂಬ ಮಾತಿನಲ್ಲೇ ವರ್ಷ ಕಳೆದವರ ಅರ್ಜಿಗಳು ಒಳಗಿನ ವಿಷಯ ನೋಡುವ ಮೊದಲೇ ಗಡುವಿನ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತವೆ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ, ಆದರೆ ಅದನ್ನು ನೆಚ್ಚಿಕೊಂಡು ಕೂರುವಂಥದ್ದಲ್ಲ.

ಇನ್ನು ಹಕ್ಕಿನ ವಿಷಯ. ‘ಪ್ರೊಬೇಷನ್ ನೌಕರನಿಗೆ ಯಾವ ಹಕ್ಕೂ ಇಲ್ಲ’ ಎಂಬುದು ಅರ್ಧ ನಿಜ. ಹುದ್ದೆಯಲ್ಲಿ ಮುಂದುವರಿಯುವ ಹಕ್ಕು ನಿಮಗಿಲ್ಲ, ಆ ಹುದ್ದೆಗೆ ನೀವು ತಕ್ಕವರೋ ಅಲ್ಲವೋ ಎಂದು ನೋಡಲೆಂದೇ ಈ ಅವಧಿ ಇರುವುದು. ಆದರೆ ತಪ್ಪಿತಸ್ಥ ಎಂಬ ಹಣೆಪಟ್ಟಿ ಹಚ್ಚಿ, ಆರೋಪಪಟ್ಟಿಯಿಲ್ಲದೆ, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡದೆ ಹೊರಗೆ ಹಾಕಿಸಿಕೊಳ್ಳದಿರುವ ಹಕ್ಕು ನಿಮಗುಂಟು. ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ ಎನ್ನುವ ಸಂವಿಧಾನದ 311(2)ನೇ ಅನುಚ್ಛೇದದ ರಕ್ಷಣೆ ಖಾಯಂ ನೌಕರರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಪುರುಷೋತ್ತಮ ಲಾಲ್ ಧಿಂಗ್ರಾ (1958), ಏಳು ನ್ಯಾಯಮೂರ್ತಿಗಳ ಪೀಠದ ಶಂಶೇರ್ ಸಿಂಗ್ (1974) ತೀರ್ಪುಗಳಿಂದ ಹಿಡಿದು ಇವತ್ತಿನವರೆಗೆ ನಿಂತಿರುವ ನಿಲುವು ಬೇರೆ: ಬಿಡುಗಡೆ ಎಂಬುದು ಶಿಕ್ಷೆಯ ವೇಷಾಂತರವಾಗಿದ್ದರೆ ಪ್ರೊಬೇಷನ್‌ನಲ್ಲಿರುವವರಿಗೂ ಆ ರಕ್ಷಣೆ ಸಿಗುತ್ತದೆ.

ಹಾಗಾದರೆ ನಿಮ್ಮದು ಬರೀ ಬಿಡುಗಡೆಯೋ, ಶಿಕ್ಷೆಯೋ? ಇಡೀ ಪ್ರಕರಣ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಅದಕ್ಕೆ ಉತ್ತರ ಹುಡುಕಬೇಕಾದ್ದು ಆದೇಶದ ಕೊನೆಯ ಪ್ಯಾರಾದಲ್ಲಿ ಎಂದು ಎಲ್ಲರೂ ಅಲ್ಲೇ ಬೆರಳಿಡುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ‘ಸೇವೆ ತೃಪ್ತಿಕರವಾಗಿಲ್ಲ’ ಎಂದಷ್ಟೇ ಬರೆದರೆ ಅದು ಕಳಂಕವಲ್ಲ, ಅಂದರೆ ತಪ್ಪಿತಸ್ಥ ಎಂಬ ಹಣೆಪಟ್ಟಿಯಲ್ಲ. 2001ರ ಪವನೇಂದ್ರ ನಾರಾಯಣ ವರ್ಮಾ ತೀರ್ಪಿನಲ್ಲಿ ಕೆಲಸ ಮತ್ತು ನಡತೆ ತೃಪ್ತಿಕರವಾಗಿಲ್ಲ ಎಂಬ ಮಾತಿದ್ದ ಆದೇಶವನ್ನೇ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕರಡು ಬರೆಯುವ ಗುಮಾಸ್ತರಿಗೂ ಇದು ಗೊತ್ತು, ಹಾಗಾಗಿ ಕೊನೆಯ ಸಾಲು ಯಾವಾಗಲೂ ಸೋಸಿದ ನೀರಿನಂತೆ ತಿಳಿಯಾಗಿರುತ್ತದೆ.

ನೀವು ನೋಡಬೇಕಾದ್ದು ಆದೇಶದ ತಲೆಯನ್ನು. ನಮ್ಮ ಸರ್ಕಾರಿ ಆದೇಶಗಳ ಕಟ್ಟು ನಿಮಗೆ ಗೊತ್ತೇ ಇದೆ: ‘ವಿಷಯ’, ಅದರ ಕೆಳಗೆ ‘ಉಲ್ಲೇಖ’, ಆಮೇಲೆ ‘ಪ್ರಸ್ತಾವನೆ’, ಕಡೆಗೆ ‘ಆದೇಶ’. ಉಲ್ಲೇಖದಲ್ಲಿ ಒಂದು, ಎರಡು, ಮೂರು ಎಂದು ಪತ್ರಗಳ ಪಟ್ಟಿ ಇರುತ್ತದೆ. ನಿಮ್ಮ ಆದೇಶದಲ್ಲಿ ಮೊದಲನೆಯದು ನೇಮಕಾತಿ ಆದೇಶ, ಎರಡನೆಯದು ರೈತರ ದೂರು, ಮೂರನೆಯದು ತಹಶೀಲ್ದಾರರ ವರದಿ, ನಾಲ್ಕನೆಯದು ನಿಮಗೆ ಕೊಟ್ಟ ನೋಟಿಸ್, ಐದನೆಯದು ನಿಮ್ಮ ಉತ್ತರ ಎಂದು ಇದ್ದರೆ, ನಿಮ್ಮ ಪ್ರಕರಣದ ಅರ್ಧ ಭಾಗವನ್ನು ಕಚೇರಿಯವರೇ ಬರೆದುಕೊಟ್ಟಂತೆ. ದೀಪ್ತಿ ಪ್ರಕಾಶ್ ಬ್ಯಾನರ್ಜಿ ಪ್ರಕರಣದಲ್ಲಿ (1999) ಆದದ್ದು ಇದೇ. ಕಲ್ಕತ್ತಾದ ಎಸ್.ಎನ್. ಬೋಸ್ ಕೇಂದ್ರದ ಪ್ರೊಬೇಷನ್ ನೌಕರರೊಬ್ಬರನ್ನು ಬಿಡುಗಡೆ ಮಾಡಿದ ಆದೇಶ ಹಿಂದಿನ ಪತ್ರಗಳನ್ನು ಉಲ್ಲೇಖಿಸಿತ್ತು, ಕಳಂಕದ ಮಾತುಗಳು ಆ ಪತ್ರಗಳಲ್ಲಿದ್ದವು. ಆದೇಶದಲ್ಲಿ ಬರೆದಿರದಿದ್ದರೂ ಅದು ಉಲ್ಲೇಖಿಸುವ ಕಾಗದಗಳಲ್ಲಿ ಕಳಂಕವಿದ್ದರೆ ಸಾಕು, ಮುಂದೆ ಕೆಲಸ ಕೊಡುವವರು ಆ ಕಾಗದ ಕೇಳಿದರೆ ನೌಕರನ ಬದುಕಿಗೆ ಪೆಟ್ಟು ಬೀಳುತ್ತದೆ ಎಂದು ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಉಲ್ಲೇಖದಲ್ಲಿ ದೂರು, ವರದಿ ಏನೂ ಕಾಣದಿದ್ದರೂ ದಾರಿ ಮುಚ್ಚುವುದಿಲ್ಲ, ಸ್ವಲ್ಪ ಕಷ್ಟವಾಗುತ್ತದೆ ಅಷ್ಟೇ. ಆಗ ಕಡತ ತೆರೆಸಬೇಕು. ಇಲ್ಲಿ ನ್ಯಾಯಾಲಯಗಳು ಬಳಸುವ ಎರಡು ಪದ ತಿಳಿದುಕೊಳ್ಳಿ: ‘ಪ್ರೇರಣೆ’ ಮತ್ತು ‘ಬುನಾದಿ’. ದೂರು ಬಂತು, ಅಧಿಕಾರಿಗೆ ನಿಮ್ಮ ಮೇಲೆ ಭರವಸೆ ಹೋಯಿತು, ಯಾಕೆ ಬೇಕು ಈ ತಕರಾರು ಎಂದು ದೂರನ್ನು ತನಿಖೆಗೂ ಹಚ್ಚದೆ ಬಿಡುಗಡೆ ಮಾಡಿದರು ಅಂದುಕೊಳ್ಳಿ. ಆಗ ದೂರು ಬರೀ ಪ್ರೇರಣೆ, ಆದೇಶ ಉಳಿಯುತ್ತದೆ. ದೂರು ಬಂತು, ಬೆನ್ನ ಹಿಂದೆ ಹೇಳಿಕೆ ಪಡೆದರು, ‘ಆರೋಪ ಸತ್ಯವೆಂದು ಕಂಡುಬಂದಿದೆ’ ಎಂದು ವರದಿ ಬರೆದರು, ಆ ವರದಿಯ ಮೇಲೆ ಬಿಡುಗಡೆ ಮಾಡಿದರು ಅಂದರೆ ಆ ತೀರ್ಮಾನವೇ ಬುನಾದಿ, ಆದೇಶ ಬೀಳುತ್ತದೆ. ರಾಧೇಶ್ಯಾಮ್ ಗುಪ್ತಾ ಪ್ರಕರಣ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ವಿಚಿತ್ರ ಅನ್ನಿಸಬಹುದು: ಏನೂ ವಿಚಾರಿಸದೆ ತೆಗೆದ ಅಧಿಕಾರಿ ಗೆಲ್ಲುತ್ತಾನೆ, ಅರೆಬರೆ ವಿಚಾರಿಸಿದವ ಸೋಲುತ್ತಾನೆ. ಕಾನೂನು ಹಾಗೇ ಬೆಳೆದು ಬಂದಿದೆ. ಆದ್ದರಿಂದ ತಹಶೀಲ್ದಾರರ ವರದಿಯ ಕೊನೆಯ ವಾಕ್ಯದಲ್ಲಿ ಏನಿದೆ ಎಂಬುದು ನಿಮಗೆ ಆದೇಶಕ್ಕಿಂತ ಮುಖ್ಯ. ‘ಸತ್ಯವೆಂದು ಕಂಡುಬಂದಿದೆ’, ‘ಕರ್ತವ್ಯಲೋಪ ಸಾಬೀತಾಗಿದೆ’, ‘ಹಣ ಪಡೆದಿರುವುದು ದೃಢಪಟ್ಟಿದೆ’ ಎಂಬ ಮಾತು ಇದ್ದರೆ ಆ ಸಾಲಿನ ಕೆಳಗೆ ಗೆರೆ ಎಳೆದು ವಕೀಲರಿಗೆ ಕೊಡಿ.

ಎದುರು ಪಕ್ಷದವರು ಪವನೇಂದ್ರ ತೀರ್ಪನ್ನೇ ಮುಂದಿಟ್ಟು ವಾದಿಸುತ್ತಾರೆ, ಅದಕ್ಕೂ ಸಿದ್ಧರಿರಿ. ಪೂರ್ಣ ಪ್ರಮಾಣದ ವಿಚಾರಣೆ, ಅದು ದುರ್ನಡತೆ ಅಥವಾ ನೈತಿಕ ಅಧಃಪತನದ ಆರೋಪದ ಕುರಿತು ನಡೆದಿರುವುದು, ತಪ್ಪಿತಸ್ಥ ಎಂಬ ತೀರ್ಮಾನಕ್ಕೆ ಅದು ಮುಟ್ಟಿರುವುದು: ಈ ಮೂರೂ ಕೂಡಿದ್ದರೆ ಮಾತ್ರ ಬಿಡುಗಡೆ ಶಿಕ್ಷೆಯಾಗುತ್ತದೆ ಎಂದು ಅದು ಹೇಳಿದೆ. ‘ತಹಶೀಲ್ದಾರರದ್ದು ಪ್ರಾಥಮಿಕ ವಿಚಾರಣೆ ಮಾತ್ರ, ಪೂರ್ಣ ಪ್ರಮಾಣದ್ದಲ್ಲ’ ಎಂಬುದು ಸರ್ಕಾರಿ ವಕೀಲರ ಮೊದಲ ಮಾತಾಗಿರುತ್ತದೆ. ಸಾಕ್ಷಿಗಳ ಹೇಳಿಕೆ ದಾಖಲಾಗಿ, ದಾಖಲೆಗಳನ್ನು ಪರಿಶೀಲಿಸಿ, ತಪ್ಪು ನಡೆದಿದೆ ಎಂಬ ನಿರ್ಣಯ ಬರೆದಿದ್ದರೆ ಅದು ಪ್ರಾಥಮಿಕ ಹಂತ ದಾಟಿದೆ ಎಂಬುದೇ ನಿಮ್ಮ ಕಡೆಯ ಉತ್ತರ.

ಹಳೆಯದೊಂದು ಪ್ರಕರಣ ನಿಮ್ಮದಕ್ಕೆ ಬಹಳ ಹತ್ತಿರ, ನಡೆದದ್ದೂ ನಮಗೆ ಹತ್ತಿರದ ಹೈದರಾಬಾದಿನಲ್ಲೇ. ಅನೂಪ್ ಜೈಸ್ವಾಲ್ ಅಲ್ಲಿನ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿಯಲ್ಲಿದ್ದ ಐಪಿಎಸ್ ಪ್ರೊಬೇಷನರ್. 1981ರ ಜೂನ್‌ನಲ್ಲಿ ಒಂದು ಬೆಳಗ್ಗೆ ತರಬೇತಿಯ ಹುಡುಗರು ಕವಾಯತಿಗೆ ಸುಮಾರು 22 ನಿಮಿಷ ತಡವಾಗಿ ಬಂದರು. ಎಲ್ಲರಿಂದಲೂ ವಿವರಣೆ ಕೇಳಿದರು, ಉಳಿದವರು ಅಷ್ಟಕ್ಕೇ ಪಾರಾದರು, ಇವರನ್ನು ಮಾತ್ರ ಮುಂದಾಳು ಎಂದು ಗುರುತಿಸಿ ಬಿಡುಗಡೆ ಮಾಡಿದರು. ಆದೇಶದಲ್ಲಿ ಒಂದು ಕೆಟ್ಟ ಪದವಿರಲಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮುಸುಕು ಸರಿಸಿ ಅಕಾಡೆಮಿ ನಿರ್ದೇಶಕರ ಶಿಫಾರಸನ್ನು ಓದಿ, ಇದು ದುರ್ನಡತೆಗೆ ಕೊಟ್ಟ ಶಿಕ್ಷೆ ಎಂದು ಅವರನ್ನು ಸೇವೆಗೆ ವಾಪಸ್ ಕಳಿಸಿತು. ಆದೇಶದ ಹಿಂದಿನ ಕಡತ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಷ್ಟು ದೇಶಕ್ಕೆಲ್ಲ ಅನ್ವಯಿಸುವ ಕಾನೂನು. ಕರ್ನಾಟಕದ ನೌಕರನಿಗೆ ಇನ್ನೊಂದು ಅಸ್ತ್ರವಿದೆ, ಅದನ್ನು ಬಳಸುವವರು ಕಡಿಮೆ. ಅದು ಕರ್ನಾಟಕ ಸಿವಿಲ್ ಸೇವೆಗಳ ಪ್ರೊಬೇಷನ್ ನಿಯಮಗಳು, 1977. ಇದರ 6ನೇ ನಿಯಮದಡಿ ಅವಧಿ ಮುಗಿಯುವ ಮೊದಲೇ ಬಿಡುಗಡೆ ಮಾಡುವ ಅಧಿಕಾರ ನೇಮಕಾತಿ ಪ್ರಾಧಿಕಾರಕ್ಕಿದೆ. ಸಿ.ಸಿ.ಎ. (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ ಇಲಾಖಾ ವಿಚಾರಣೆ ನಡೆಸಬೇಕಾಗಿಯೂ ಇಲ್ಲ. ಆದರೆ ಎರಡು ಕಟ್ಟುಗಳಿವೆ. ಒಂದು, ಬಿಡುಗಡೆಗೆ ಕಾರಣವೇನು ಎಂದು ಆದೇಶದಲ್ಲಿ ಸೂಚಿಸಬೇಕು. ಎರಡು, ಆದೇಶ ಹೊರಡಿಸಿದ್ದು ಸರ್ಕಾರವಲ್ಲದಿದ್ದರೆ, ಅದರ ಮೇಲಿನ ಪ್ರಾಧಿಕಾರಕ್ಕೆ ಕಳಿಸಿ ಅಲ್ಲಿಂದ ಸ್ಥಿರೀಕರಣ ಆಗುವವರೆಗೆ ಅದನ್ನು ಜಾರಿಗೆ ತರುವಂತಿಲ್ಲ.

ಗ್ರಾಮ ಆಡಳಿತಾಧಿಕಾರಿಯನ್ನು ನೇಮಿಸುವವರು ಜಿಲ್ಲಾಧಿಕಾರಿ. ಅವರ ಮೇಲಿನ ಕಚೇರಿ ಅಂದರೆ ಈ ಭಾಗಕ್ಕೆ ಕಲಬುರಗಿಯ ಪ್ರಾದೇಶಿಕ ಆಯುಕ್ತರದ್ದು. ನಿಮ್ಮ ಆದೇಶದಲ್ಲಿ ಸ್ಥಿರೀಕರಣದ ಪತ್ರದ ಸಂಖ್ಯೆ, ತಾರೀಕು ಇದೆಯೇ? ಇಲ್ಲದಿದ್ದರೆ ಅಥವಾ ಸ್ಥಿರೀಕರಣ ಬರುವ ಮೊದಲೇ ನಿಮ್ಮಿಂದ ಪ್ರಭಾರ ಕಿತ್ತುಕೊಂಡು, ಕಾರ್ಯಮುಕ್ತಿ ಪತ್ರ ಕೊಟ್ಟಿದ್ದರೆ, ಕಳಂಕದ ವಾದಕ್ಕೆ ಹೋಗುವ ಮೊದಲೇ ಆದೇಶದ ಜಾರಿಯನ್ನು ಪ್ರಶ್ನಿಸಬಹುದು. ಪ್ರಭಾರ ಪಟ್ಟಿಯ ತಾರೀಕು, ವೇತನ ನಿಂತ ತಾರೀಕು, ಸ್ಥಿರೀಕರಣದ ತಾರೀಕು ಈ ಮೂರನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ಕಚೇರಿಗಳು ಎಡವುವುದು ಇಲ್ಲೇ. ಗಲಾಟೆ ತಣ್ಣಗಾಗಲಿ ಎಂಬ ಅವಸರದಲ್ಲಿ ಅದೇ ದಿನ ಕಾರ್ಯಮುಕ್ತಿ ಮಾಡಿಬಿಡುತ್ತಾರೆ, ಸ್ಥಿರೀಕರಣಕ್ಕೆ ಪತ್ರ ಆಮೇಲೆ ಹೋಗುತ್ತದೆ.

ಕಂಪ್ಯೂಟರ್ ಪರೀಕ್ಷೆಯ ಬಗ್ಗೆ ನಿಮಗಿರುವ ಅಳುಕು ಅರ್ಥವಾಗುತ್ತದೆ. 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ನಿಯಮಗಳ ಪ್ರಕಾರ ಅದು ಪಾಸಾಗದೆ ಪ್ರೊಬೇಷನ್ ಘೋಷಣೆ ಆಗುವುದಿಲ್ಲ. ಇಲಾಖಾ ಪರೀಕ್ಷೆಗಳ ಕಥೆಯೂ ಅಷ್ಟೇ. ಆದರೆ ಅದು ಅವಧಿಯ ಕೊನೆಯಲ್ಲಿ ಎಣಿಸುವ ಲೆಕ್ಕ. ಕನಿಷ್ಠ ಅವಧಿ ಎರಡು ವರ್ಷ, ನಿಮ್ಮದಿನ್ನೂ 17 ತಿಂಗಳು. ಪರೀಕ್ಷೆ ಬರೆಯಲು ಏಳು ತಿಂಗಳು ಬಾಕಿಯಿತ್ತು, ಆಮೇಲೂ ಕಾರಣ ಬರೆದು ಅವಧಿ ವಿಸ್ತರಿಸಲು ನಿಯಮದಲ್ಲಿ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯ, ಆದೇಶದಲ್ಲಿ ಪರೀಕ್ಷೆಯ ಮಾತೇ ಇಲ್ಲ ಎಂದಾದರೆ ಸರ್ಕಾರ ತನ್ನ ಆಕ್ಷೇಪಣಾ ಹೇಳಿಕೆಯಲ್ಲಿ ಅದನ್ನು ಹೊಸದಾಗಿ ತುರುಕುವಂತಿಲ್ಲ. ಆದೇಶ ನಿಲ್ಲಬೇಕಾದ್ದು ಅದರಲ್ಲೇ ಬರೆದ ಕಾರಣಗಳ ಮೇಲೆ, ಆಮೇಲೆ ಅಫಿಡವಿಟ್ಟಿನಲ್ಲಿ ಕೂಡಿಸಿದ ಕಾರಣಗಳಿಂದ ಅದಕ್ಕೆ ಜೀವ ಬರುವುದಿಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟ್ ಹೇಳಿದೆ.

ಇದರ ಜತೆಗೆ ತಿಳಿದಿರಬೇಕಾದ ಮಾತೊಂದು, ನಿಮಗಲ್ಲದಿದ್ದರೂ ಓದುವ ಉಳಿದವರಿಗೆ. ಎರಡು ವರ್ಷ ದಾಟಿತು, ಯಾರೂ ಏನೂ ಹೇಳಲಿಲ್ಲ, ಹಾಗಾಗಿ ತಾನು ಖಾಯಂ ಎಂದುಕೊಳ್ಳುವವರು ಬಹಳ. ಪಂಜಾಬಿನ ಧರಂ ಸಿಂಗ್ ಪ್ರಕರಣ (1968) ಹಿಡಿದು ಹೀಗೆ ವಾದಿಸುತ್ತಾರೆ. ಅಲ್ಲಿನ ನಿಯಮ ಬೇರೆ ಇತ್ತು. ನಮ್ಮ 1977ರ ನಿಯಮಗಳ 5ನೇ ನಿಯಮದಲ್ಲಿ, ತೃಪ್ತಿಕರವಾಗಿ ಮುಗಿಸಿದ್ದಾರೆಂಬ ನಿರ್ದಿಷ್ಟ ಆದೇಶ ಹೊರಡದೆ ಪ್ರೊಬೇಷನ್ ಮುಗಿದಂತಲ್ಲ, ಆದೇಶ ತಡವಾಯಿತೆಂದು ತಾನಾಗಿಯೇ ಮುಗಿದಂತೆಯೂ ಅಲ್ಲ ಎಂದು ಸ್ಪಷ್ಟವಾಗಿದೆ. ಎರಡು ವರ್ಷ ತುಂಬಿದ ವಾರವೇ ಘೋಷಣೆಗೆ ಅರ್ಜಿ ಹಾಕಿ ಸ್ವೀಕೃತಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಕಾಗದ ಕೂಡಿಸುವ ಕೆಲಸ. ಮಾಹಿತಿ ಹಕ್ಕು ಅರ್ಜಿ ಇವತ್ತೇ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರಬಾರದು. ಉದ್ದುದ್ದ ಬರೆದು, ಅದರಲ್ಲೇ ಬಾಕಿ ವೇತನವನ್ನೂ ಕೇಳಿದರೆ ಅರ್ಜಿ ವಾಪಸ್ ಬರಲು ಅದೇ ನೆಪ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿ. ಹೀಗೆ ಬರೆಯಬಹುದು:

‘ದಿನಾಂಕ ……ರ ಆದೇಶ ಸಂಖ್ಯೆ ……ಕ್ಕೆ ಸಂಬಂಧಿಸಿದ ಕಡತದ ಎಲ್ಲ ಟಿಪ್ಪಣಿ ಹಾಳೆಗಳು, ಪತ್ರವ್ಯವಹಾರ ಭಾಗ, ಆದೇಶದ ಉಲ್ಲೇಖದಲ್ಲಿರುವ ಎಲ್ಲ ಪತ್ರಗಳು, ಸದರಿ ಆದೇಶವನ್ನು ಸ್ಥಿರೀಕರಣಕ್ಕಾಗಿ ಮೇಲಿನ ಪ್ರಾಧಿಕಾರಕ್ಕೆ ಕಳುಹಿಸಿದ ಪತ್ರ ಹಾಗೂ ಅದಕ್ಕೆ ಬಂದ ಉತ್ತರ, ಇವುಗಳ ದೃಢೀಕೃತ ಪ್ರತಿಗಳನ್ನು ಒದಗಿಸಲು ಕೋರಿದೆ.’

ಟಿಪ್ಪಣಿ ಹಾಳೆ ಎಂಬ ಪದ ಬಿಡಬೇಡಿ. ವಿಷಯನಿರ್ವಾಹಕರು ಬರೆದ ಮೊದಲ ಟಿಪ್ಪಣಿ, ಶಿರಸ್ತೇದಾರರ ಷರಾ, ಸಹಿಗೆ ಮುಂಚಿನ ಕೊನೆಯ ಪ್ಯಾರಾ, ಇವುಗಳಲ್ಲಿ ನಿಜವಾದ ಕಾರಣ ಬಿಚ್ಚುಮನಸ್ಸಿನಿಂದ ಬರೆದಿರುತ್ತದೆ. ಆದೇಶದಲ್ಲಿ ‘ತೃಪ್ತಿಕರವಾಗಿಲ್ಲ’ ಎಂದಿರುವುದು ಟಿಪ್ಪಣಿಯಲ್ಲಿ ‘ಲಂಚದ ಆರೋಪ ರುಜುವಾತಾಗಿರುವುದರಿಂದ’ ಎಂದು ಇದ್ದರೆ ನೀವು ಹುಡುಕುತ್ತಿದ್ದ ಬುನಾದಿ ಅದೇ. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರಬೇಕು. ದೂರುದಾರರ ಹೆಸರು ಕೊಡಲಾಗದು ಎಂದರೆ ಹೆಸರು ಮುಚ್ಚಿ ಉಳಿದದ್ದು ಕೊಡಿ ಎಂದು ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಹಿಡಿದು ಮೊದಲ ಮೇಲ್ಮನವಿ ಹಾಕಿ. ಅಷ್ಟರಲ್ಲಿ ನ್ಯಾಯಮಂಡಳಿಯ ಅರ್ಜಿ ನಿಲ್ಲಿಸಬೇಡಿ, ಮೂಲ ಕಡತ ಹಾಜರುಪಡಿಸಲು ಸರ್ಕಾರಕ್ಕೆ ನಿರ್ದೇಶಿಸಿ ಎಂದು ಅಲ್ಲಿಯೂ ಕೇಳಬಹುದು.

ಜತೆಗೆ ಬೇಕಾದವು: ನೇಮಕಾತಿ ಆದೇಶ (ಅದರ ಷರತ್ತುಗಳ ಹಾಳೆ ಸಹಿತ), ಕರ್ತವ್ಯಕ್ಕೆ ಹಾಜರಾದ ವರದಿ, ನೋಟಿಸ್, ನಿಮ್ಮ ಉತ್ತರದ ಸ್ವೀಕೃತಿ ಇರುವ ಪ್ರತಿ, ಬಿಡುಗಡೆ ಆದೇಶ, ಕಾರ್ಯಮುಕ್ತಿ ಪತ್ರ, ಸೇವಾ ಪುಸ್ತಕದ ಪ್ರತಿ, ಕೊನೆಯ ತಿಂಗಳ ವೇತನ ಚೀಟಿ. 17 ತಿಂಗಳಲ್ಲಿ ಯಾವ ಮೆಮೊ ಕೂಡ ಬಂದಿಲ್ಲ ಎಂದಾದರೆ ಅದನ್ನು ಅರ್ಜಿಯಲ್ಲಿ ಹೇಳಿ. ಕೆಲಸ ಸರಿಯಿಲ್ಲದ ನೌಕರನಿಗೆ ತಿದ್ದಿಕೊಳ್ಳಲು ಒಂದು ಸೂಚನೆಯನ್ನೂ ಕೊಡದೆ, ದೂರು ಬಂದ ಮರುತಿಂಗಳೇ ‘ಅತೃಪ್ತಿಕರ’ ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಆದೇಶ ನಿಮಗೆ ಹೇಗೆ ತಲುಪಿತು, ಮುದ್ದಾಂ ಮೂಲಕವೋ ಅಂಚೆಯಲ್ಲೋ, ಲಕೋಟೆಯನ್ನೂ ಬಿಸಾಡದೆ ಇಟ್ಟುಕೊಳ್ಳಿ.

ಆ ಮೂವರು ರೈತರ ಮನೆಗೆ ಮಾತ್ರ ಹೋಗಬೇಡಿ. ‘ದುಡ್ಡು ಕೇಳಿಲ್ಲ’ ಎಂದು ಅವರಿಂದ ನೂರು ರೂಪಾಯಿ ಬಾಂಡಿನ ಮೇಲೆ ಬರೆಸಿಕೊಂಡು ಬಂದರೆ ಗೆದ್ದಂತೆ ಎಂದು ಊರಿನ ಹಿರಿಯರು ಹೇಳಬಹುದು. ನ್ಯಾಯಮಂಡಳಿ ಈಗ ನೋಡುವುದು ನೀವು ದುಡ್ಡು ಕೇಳಿದಿರೋ ಇಲ್ಲವೋ ಎಂಬುದನ್ನಲ್ಲ, ನಿಮ್ಮನ್ನು ಕೇಳದೆ ಅದನ್ನು ತೀರ್ಮಾನಿಸಿದರೋ ಎಂಬುದನ್ನು. ಬಾಂಡ್ ಬರೆಸಿದರೆ ಪ್ರಕರಣದ ದಾರಿ ತಪ್ಪುತ್ತದೆ, ಸಾಕ್ಷಿಗಳನ್ನು ಒತ್ತಾಯಿಸಿದ ಎಂಬ ಇನ್ನೊಂದು ಆರೋಪ ಮೈಮೇಲೆ ಬರುತ್ತದೆ.

ಅರ್ಜಿಯಲ್ಲಿ ಎದುರುದಾರರಾಗಿ ಇಲಾಖೆಯ ಪ್ರಧಾನ ಕಾರ್ಯದರ್ಶಿ ಮೂಲಕ ಸರ್ಕಾರ, ಆದೇಶ ಹೊರಡಿಸಿದವರು, ಸ್ಥಿರೀಕರಿಸಿದವರು ಇದ್ದರೆ ಸಾಕು. ತಹಶೀಲ್ದಾರರು ದ್ವೇಷದಿಂದಲೇ ಮಾಡಿದರು ಎಂದು ಹೇಳುವುದಾದರೆ ಅವರನ್ನು ಹೆಸರು ಹಿಡಿದು ಸೇರಿಸಲೇಬೇಕು, ಪುರಾವೆಯನ್ನೂ ಕೊಡಬೇಕು. ಪುರಾವೆಯಿಲ್ಲದ ದ್ವೇಷದ ಮಾತು ಗಟ್ಟಿ ಪ್ರಕರಣವನ್ನೂ ತೆಳು ಮಾಡುತ್ತದೆ, ನಿಮ್ಮದಕ್ಕೆ ಅದರ ಅಗತ್ಯ ಕಾಣುವುದಿಲ್ಲ. ಇಲಾಖೆಯೊಳಗೆ ಲಭ್ಯವಿದ್ದ ಪರಿಹಾರ ಬಳಸಿದ್ದೀರಾ ಎಂಬ ಪ್ಯಾರಾ ಅರ್ಜಿಯಲ್ಲಿರುತ್ತದೆ. ನಾಲ್ಕು ತಿಂಗಳು ಕೊಟ್ಟ ಮನವಿಗಳು ಕೆಲಸಕ್ಕೆ ಬರುವುದು ಅಲ್ಲಿ, ತಾರೀಕು ಸಹಿತ ನಮೂದಿಸಿ. ನೀವು ಆಗಲೇ ಕಾರ್ಯಮುಕ್ತರಾಗಿರುವುದರಿಂದ ತಡೆಯಾಜ್ಞೆಯ ಆಸೆ ದೊಡ್ಡದಾಗಿ ಇಟ್ಟುಕೊಳ್ಳಬೇಡಿ. ಆದೇಶ ಕೈಗೆ ಬಂದೂ ಇನ್ನೂ ಪ್ರಭಾರ ಒಪ್ಪಿಸದವರಾದರೆ ಮಾತು ಬೇರೆ, ಅಂಥವರು ದಿನಗಳ ಲೆಕ್ಕದಲ್ಲಿ ಓಡಬೇಕು.

ನ್ಯಾಯಮಂಡಳಿಯಲ್ಲಿ ಸೋತರೆ ಹೈಕೋರ್ಟಿನ ಕಲಬುರಗಿ ಪೀಠವಿದೆ. ಎಲ್. ಚಂದ್ರಕುಮಾರ್ ತೀರ್ಪಿನ (1997) ನಂತರ ನ್ಯಾಯಮಂಡಳಿಯನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ, ಹೋದಾಗಲೂ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಕೇಳುತ್ತದೆ. ಅಲ್ಲಿ ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುವುದರಿಂದ ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಗೆದ್ದರೆ ಏನು ಸಿಗುತ್ತದೆ ಎಂಬುದನ್ನೂ ನೇರವಾಗಿ ಹೇಳಬೇಕು, ಬಹಳ ಮಂದಿ ಇಲ್ಲಿ ಮೋಸಹೋಗುತ್ತಾರೆ. ಆದೇಶ ರದ್ದಾದರೆ ನೀವು ಮರಳುವುದು ಪ್ರೊಬೇಷನ್ ನೌಕರನಾಗಿಯೇ, ಖಾಯಂ ನೌಕರನಾಗಿ ಅಲ್ಲ. ಉಳಿದ ಏಳು ತಿಂಗಳು, ಬಾಕಿ ಪರೀಕ್ಷೆ ಎಲ್ಲ ಇದ್ದಲ್ಲೇ ಇರುತ್ತವೆ. ಬೇಕಿದ್ದರೆ ಕಾನೂನು ಪ್ರಕಾರ ವಿಚಾರಣೆ ನಡೆಸಿ ಎಂಬ ಸ್ವಾತಂತ್ರ್ಯವನ್ನೂ ಸಾಮಾನ್ಯವಾಗಿ ಸರ್ಕಾರಕ್ಕೆ ಕೊಟ್ಟಿರುತ್ತಾರೆ. ಆಗ 1957ರ ಸಿ.ಸಿ.ಎ. ನಿಯಮಗಳಡಿ ಆರೋಪಪಟ್ಟಿ ಬರಬಹುದು, ಅಮಾನತೂ ಆಗಬಹುದು. ಆದರೆ ಅಲ್ಲಿ ಆ ಮೂವರನ್ನು ಎದುರಿಗೆ ಕೂರಿಸಿ ಪಾಟೀಸವಾಲು ಮಾಡುವ ಅವಕಾಶ ನಿಮ್ಮದು. ಮಧ್ಯದ ಅವಧಿಯ ಸಂಬಳ ತಾನಾಗಿ ಬರುವುದಿಲ್ಲ: ಬೇರೆಲ್ಲೂ ದುಡಿದು ಗಳಿಸುತ್ತಿಲ್ಲ ಎಂದು ಅರ್ಜಿಯಲ್ಲೇ ಪ್ರಮಾಣ ಮಾಡಿ ಕೇಳಬೇಕು, ದೀಪಾಲಿ ಗುಂಡು ಸುರ್ವಾಸೆ ಪ್ರಕರಣ (2013) ಅದಕ್ಕೆ ಆಧಾರ. ಖಾಸಗಿ ಕೆಲಸ ಹಿಡಿದಿದ್ದರೆ ಮುಚ್ಚಿಡಬೇಡಿ.

ರಾಜೀನಾಮೆಯ ಸಲಹೆಗೆ ನನ್ನ ಉತ್ತರ: ಬೇಡ. ಬರೆದುಕೊಟ್ಟ ಮರುಕ್ಷಣ ಪ್ರಶ್ನಿಸಲು ಆದೇಶವೇ ಉಳಿಯುವುದಿಲ್ಲ, ಸ್ವಂತ ಇಚ್ಛೆಯಿಂದ ಹೋದ ಎಂದಾಗುತ್ತದೆ. ‘ಬಿಡುಗಡೆ ಅಂದರೆ ಮುಂದೆ ಯಾವ ಸರ್ಕಾರಿ ಕೆಲಸವೂ ಸಿಗದು’ ಎಂದು ಹೆದರಿಸಿ ಈ ಸಲಹೆ ಕೊಡುತ್ತಾರೆ. ಹಾಗೇನಿಲ್ಲ. ಮುಂದಿನ ಸರ್ಕಾರಿ ನೇಮಕಾತಿಗೆ ಸಾಮಾನ್ಯವಾಗಿ ಅಡ್ಡಿಯಾಗುವುದು ‘ವಜಾ’. ‘ತೆಗೆದುಹಾಕುವಿಕೆ’ ಕೂಡ ಅಡ್ಡಿಯಲ್ಲ, ಬರೀ ಬಿಡುಗಡೆ ಶಿಕ್ಷೆಗಳ ಪಟ್ಟಿಯಲ್ಲೇ ಇಲ್ಲ. ಮುಂದಿನ ಅರ್ಜಿ ನಮೂನೆಯಲ್ಲಿ ಹಿಂದಿನ ಸೇವೆಯ ಬಗ್ಗೆ ಕೇಳಿದ್ದರೆ ಇದ್ದದ್ದು ಇದ್ದಂತೆ ಬರೆಯಿರಿ. ಪರಿಶೀಲನಾ ನಮೂನೆಯಲ್ಲಿ ಮುಚ್ಚಿಟ್ಟದ್ದೇ ಮತ್ತೊಂದು ಕೆಲಸ ಕಳೆಯಲು ಕಾರಣವಾಗಬಹುದು, ಅವತಾರ್ ಸಿಂಗ್ ತೀರ್ಪು (2016) ಇರುವುದೇ ಆ ವಿಷಯದ ಮೇಲೆ.

371ಜೆ ಬಗ್ಗೆ ನೇರವಾಗಿ ಕೇಳದಿದ್ದರೂ ಹೇಳುತ್ತೇನೆ, ಅದು ನೇಮಕಾತಿಯಲ್ಲಿ ಕೊಡುವ ರಕ್ಷಣೆ, ಬಿಡುಗಡೆಯಿಂದ ಅಲ್ಲ. ಆದರೆ ಉಪವಿಭಾಗಾಧಿಕಾರಿ ಕೊಟ್ಟ ಅರ್ಹತಾ ಪ್ರಮಾಣಪತ್ರವೇ ಸುಳ್ಳು ಎಂದು ತೆಗೆದ ಪ್ರಕರಣವಾದರೆ, ಅದೂ ಒಂದು ಆರೋಪವೇ, ಕೇಳದೆ ತೀರ್ಮಾನಿಸುವಂತಿಲ್ಲ.

ಹೆರಿಗೆ ರಜೆಯ ಮೇಲಿದ್ದಾಗ ಬಿಡುಗಡೆಯಾದ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ, ನೀರಾ ಮಾಥುರ್ ಪ್ರಕರಣ (1991) ನೆನಪಿಟ್ಟುಕೊಳ್ಳಿ. ಎಲ್‌ಐಸಿಯ ಪ್ರೊಬೇಷನ್ ನೌಕರಿ, ಹೆರಿಗೆ ರಜೆಯಲ್ಲಿದ್ದಾಗಲೇ ಬಿಡುಗಡೆ ಆದೇಶ. ನೇಮಕಾತಿಯ ಹೊತ್ತಿನ ನಮೂನೆಯಲ್ಲಿ ಮುಟ್ಟಿನ ದಿನಾಂಕ ಸುಳ್ಳು ಬರೆದಳೆಂಬ ಕಾರಣ. ಅಂಥ ಪ್ರಶ್ನೆ ಕೇಳುವುದೇ ಹೆಣ್ಣಿನ ಮಾನಕ್ಕೆ ಕುಂದು ಎಂದು ಸುಪ್ರೀಂ ಕೋರ್ಟ್ ಅವರನ್ನು ಸೇವೆಗೆ ಮರಳಿಸಿತು.

ನಿಗಮ, ವಿಶ್ವವಿದ್ಯಾಲಯಗಳ ನೌಕರರಿಗೆ ಈ ಲೇಖನದ ದಾರಿ ಪೂರ್ತಿ ಹೊಂದುವುದಿಲ್ಲ. ಜೆಸ್ಕಾಂ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಗುಲಬರ್ಗಾ ವಿಶ್ವವಿದ್ಯಾಲಯದವರಿಗೆ 311ನೇ ಅನುಚ್ಛೇದ ಅನ್ವಯಿಸುವುದಿಲ್ಲ. ಕಳಂಕದ ತತ್ವ ಅನ್ವಯಿಸುತ್ತದೆ, ಹೋಗಬೇಕಾದ ಜಾಗ ಮಾತ್ರ ಬೇರೆ: ಹುದ್ದೆ ನೋಡಿಕೊಂಡು ಕಾರ್ಮಿಕ ಕಾನೂನಿನ ದಾರಿ ಅಥವಾ ಹೈಕೋರ್ಟ್ ರಿಟ್. ಖಾಸಗಿ ಅನುದಾನಿತ ಶಾಲೆಯ ಶಿಕ್ಷಕರು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ಗಡುವು ಮೂರೇ ತಿಂಗಳು.

ವಕೀಲರ ಫೀ ಹೊರೆಯಾದರೆ ಬೀದರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯದ ಮಿತಿಯಿದೆ. ಹೋಗುವಾಗ ಬಿಡುಗಡೆ ಆದೇಶದ ಎರಡು ಪ್ರತಿ ಒಯ್ಯಿರಿ, ಒಂದರಲ್ಲಿ ಉಲ್ಲೇಖದ ಸಾಲುಗಳಿಗೆ ಮೊದಲೇ ಗುರುತು ಹಾಕಿರಿ.